ವೋಚರ್ ಇಲ್ಲದ ಎಂಟ್ರಿಗಳು

ಮುಂಬೈ ಪಕ್ಕದ ಡೊಂಬಿವಲಿಯಿಂದ ನಗರದ ಫೋರ್ಟ್ ಪ್ರದೇಶದ ಕಚೇರಿಗೆ ಹೋಗಿಬರುವ ಲೆಕ್ಕಪತ್ರದ ನೌಕರಿಯಲ್ಲಿ ನನ್ನ ಇಪ್ಪತ್ತು ವರ್ಷಗಳು ಕಳೆದಿವೆ. 2018ರ ಮಳೆಗಾಲದಲ್ಲಿ, ನನಗೇ ಸಿಗುವುದೆಂದು ನಂಬಿದ್ದ ಬಡ್ತಿ ಎಂಟು ವರ್ಷ ಕಿರಿಯ ಸಹೋದ್ಯೋಗಿಯ ಪಾಲಾಯಿತು. ಅಂದಿನಿಂದ ಎಲ್ಲವೂ ಒಂದೇ ಬಣ್ಣದಲ್ಲಿ ಕಾಣತೊಡಗಿತು: ಸಾಹೇಬರು ನಮಸ್ಕಾರಕ್ಕೆ ತಲೆಯಾಡಿಸದಿದ್ದರೆ ಅವಮಾನ, ಮಗ ಊಟದ ಹೊತ್ತಿಗೆ ಮಾತಾಡದಿದ್ದರೆ ತಿರಸ್ಕಾರ, ನಾನು ಲಿಫ್ಟ್‌ನಿಂದ ಹೊರಬರುತ್ತಿದ್ದಂತೆ ಎದುರುಮನೆಯ ಮರಾಠಿ ಅಜ್ಜಿ ಬಾಗಿಲು ಹಾಕಿಕೊಂಡರೆ ‘ಕಾನಡಿ’ಯವನೆಂಬ ತಾತ್ಸಾರ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಆದರೆ ಕಾಮಾಲೆ ಬಂದವನಿಗೆ ಅದು ತನ್ನ ಕಣ್ಣಿನ ಬಣ್ಣವೆಂದು ತಿಳಿಯುವುದೇ ಇಲ್ಲವೆಂಬುದು ನನಗೆ ಹೊಳೆದಿರಲಿಲ್ಲ.

ಆಗಿನ್ನೂ ಫಾಸ್ಟ್ ಲೋಕಲ್ ರೈಲುಗಳು ಠಾಣೆ ದಾಟಿದ ಮೇಲೆ ಪಾರ್ಸಿಕ್ ಸುರಂಗದೊಳಗಿಂದ ಹೋಗುತ್ತಿದ್ದವು. 1916ರಲ್ಲಿ ತೆರೆದ, ಸುಮಾರು 1.3 ಕಿಲೋಮೀಟರ್ ಉದ್ದದ ಆ ಸುರಂಗವನ್ನು ಒಂದು ಸಂಜೆ ಗಾಡಿ ಹೊಕ್ಕಾಗ, ಮಳೆಗೆಂದು ಮುಚ್ಚಿದ್ದ ಕಿಟಕಿಯ ಗಾಜಿನಲ್ಲಿ ಹೊರಗಿನ ಗುಡ್ಡಗಳು ಅಳಿಸಿಹೋಗಿ, ಹುಬ್ಬು ಗಂಟಿಕ್ಕಿದ ನನ್ನ ಮುಖ ಮೂಡಿತು. ದಿನವೂ ಬಾಗಿಲು ತೆರೆದಾಗ ಮಗ ನೋಡುವುದು ಇದನ್ನೇ ಎಂದು ಅರಿವಾಗಿ ಎದೆ ಧಸಕ್ಕೆಂದಿತು. ಅವನ ಮೌನವನ್ನು ನಾನೇ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೆ.

ಮರುದಿನ ಸಿಎಸ್‌ಎಂಟಿ ನಿಲ್ದಾಣದಲ್ಲಿ ಸೀಟು ಸಿಕ್ಕಿದೊಡನೆ ಸಣ್ಣ ನೋಟುಪುಸ್ತಕ ತೆರೆದು ನಡುವೆ ಗೆರೆ ಎಳೆದೆ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅಂದುಕೊಂಡದ್ದು’. ಲೆಕ್ಕದವನಾದ ನನಗೆ ಗೊತ್ತಿದ್ದ ನಿಯಮ ಒಂದೇ, ವೋಚರ್, ಅಂದರೆ ಪುರಾವೆಯ ಚೀಟಿ, ಇಲ್ಲದ ಎಂಟ್ರಿಯನ್ನು ಪುಸ್ತಕಕ್ಕೆ ಸೇರಿಸಬಾರದು. ಬಡ್ತಿ ತಪ್ಪಿದ್ದಕ್ಕೆ ಆದೇಶದ ಪ್ರತಿಯಿತ್ತು; ಅದು ನಷ್ಟವೇ, ಅದನ್ನು ನಷ್ಟವೆಂದೇ ಬರೆದೆ. ‘ನಾನು ಯಾರಿಗೂ ಬೇಡದವನು’ ಎಂಬುದಕ್ಕೆ ಎಷ್ಟು ಹುಡುಕಿದರೂ ಚೀಟಿ ಸಿಗಲಿಲ್ಲ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳಲ್ಲಿ ಇದನ್ನೇ ಗುರುತಿಸಿದ್ದರೆಂದು ಆಮೇಲೆ ಓದಿ ತಿಳಿದೆ: ಘಟನೆಗೂ ದುಃಖಕ್ಕೂ ನಡುವೆ ತಾನಾಗಿ ಮಿಂಚಿ ಮಾಯವಾಗುವ ಯೋಚನೆಯೊಂದಿರುತ್ತದೆ, ಅದನ್ನು ಹಿಡಿದು ನಿಲ್ಲಿಸಿ ಪುರಾವೆ ಕೇಳಬೇಕು.

ಬರೆದದ್ದನ್ನು ಹೋಗಿ ಕೇಳುವುದು ಬರೆಯುವುದಕ್ಕಿಂತ ಕಷ್ಟವಾಗಿತ್ತು. ಬಡ್ತಿ ಯಾಕೆ ತಪ್ಪಿತೆಂದು ಸಾಹೇಬರನ್ನು ಕೇಳಲು ಮೂರು ವಾರ ಬೇಕಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ, ಬಡ್ತಿ ಪಡೆದ ಆ ಹುಡುಗ ರಿಟರ್ನ್‌ಗಳ ಕೆಲಸವನ್ನೆಲ್ಲ ತಾನೇ ಕಲಿತು ನಿಭಾಯಿಸಿದ್ದನ್ನು ಅವರು ನೆನಪಿಸಿದರು. ನಾನು ಅದನ್ನು ದೂರವಿಟ್ಟಿದ್ದೆನೆಂಬುದು ನಿಜವಾಗಿತ್ತು. ನೋವಾಯಿತು, ಆದರೆ ಆ ನೋವಿನಲ್ಲಿ ಮಾಡಲು ಕೆಲಸವಿತ್ತು. ಅದೇ ಹುಡುಗನ ಪಕ್ಕದಲ್ಲಿ ಕುಳಿತು ಕಲಿತೆ.

ಎದುರುಮನೆಯ ಅಜ್ಜಿಯನ್ನು ಒಂದು ಭಾನುವಾರ ಮಾತಾಡಿಸಿದೆ. ನಾನು ಮನೆ ಸೇರುವ ಏಳು ಗಂಟೆ ಅವರು ದೇವರಿಗೆ ದೀಪ ಹಚ್ಚುವ ಹೊತ್ತು. ಮೆಟ್ಟಿಲ ಕಡೆಯ ಗಾಳಿಗೆ ಆರುತ್ತದೆಂದು, ಒಂದು ಕೈಯನ್ನು ದೀಪಕ್ಕೆ ಮರೆಮಾಡಿ ಇನ್ನೊಂದರಿಂದ ಬಾಗಿಲು ಎಳೆದುಕೊಳ್ಳುತ್ತಿದ್ದರು. ಹಗ್ಗವನ್ನು ಹಾವೆಂದು ಕಂಡವನ ದೃಷ್ಟಾಂತ ನಮ್ಮಲ್ಲಿ ಎಷ್ಟು ಹಳೆಯದು! ಹಾವು ಸುಳ್ಳಾದರೂ ಬೆವರು ನಿಜವೆಂಬುದನ್ನು ಆ ಆರೇಳು ತಿಂಗಳಲ್ಲಿ ನಾನು ಮೈಯಾರೆ ಅನುಭವಿಸಿದ್ದೆ.

‘ಎಲ್ಲವೂ ಒಳ್ಳೆಯದಕ್ಕೇ’ ಎಂದು ದಿನಕ್ಕೆ ಹತ್ತು ಬಾರಿ ಹೇಳಿಕೊಳ್ಳುವಂತೆ ಕೆಲವು ಹಿತೈಷಿಗಳು ಸೂಚಿಸಿದ್ದರು. ನನಗದು ಒಗ್ಗಲಿಲ್ಲ, ಅದಕ್ಕೂ ವೋಚರ್ ಇರಲಿಲ್ಲ. ಕಂಡದ್ದಕ್ಕೆ ಎರಡು ಅರ್ಥಗಳು ಸಮನಾಗಿ ಹೊಂದುವಾಗ ಒಳ್ಳೆಯದನ್ನು ಮೊದಲು ವಿಚಾರಿಸುತ್ತೇನೆ, ಅಷ್ಟೇ.

ಪುಸ್ತಕ ಈಗ ಏಳನೆಯದು. ಮೊನ್ನೆ ಎಡಗಡೆಗೆ ‘ಊರಿನಿಂದ ತಮ್ಮ ಫೋನ್ ಮಾಡಿ ಹನ್ನೆರಡು ದಿನವಾಯಿತು’ ಎಂದು ಬರೆದೆ. ಬಲಗಡೆಗೆ ಪೆನ್ನು ಸರಿಯುವ ಮೊದಲೇ ಗಾಡಿ ಕುರ್ಲಾದಲ್ಲಿ ನಿಂತಿತು. ಪುಸ್ತಕ ಮುಚ್ಚಿ ನಾನೇ ಫೋನ್ ಹಚ್ಚಿದೆ.