ದೂರದ ಸೈಕಲ್ ಪ್ರಯಾಣಕ್ಕೆ ಹ್ಯಾಂಡಲ್‌ಬಾರ್: ಮಣಿಕಟ್ಟಿನ ಅಳತೆಗೆ ಆರಿಸಿಕೊಳ್ಳುವುದು ಹೇಗೆ

ಒಂಬತ್ತು ದಿನದ ಸೈಕಲ್ ಪ್ರಯಾಣ ಮುಗಿಸಿ ಬಂದ ಮಾರನೆಯ ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಕೂತೆ. ಬಲಗೈಯಲ್ಲಿ ಸೂಜಿ ನಿಲ್ಲಲೇ ಇಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದದ್ದು ಜಾರಿ ಜಾರಿ ಮಡಿಲಿಗೆ ಬೀಳುತ್ತಿತ್ತು. ಕಿರುಬೆರಳಂತೂ ನನ್ನದೇ ಅಲ್ಲವೇನೋ ಎಂಬಷ್ಟು ಮರಗಟ್ಟಿತ್ತು. ನಾನು 22 ವರ್ಷದಿಂದ ಹೊಲಿಗೆ ಮಾಡಿಕೊಂಡು ಬಂದವಳು, ಕೈ ಹೋದರೆ ನನ್ನ ಕೆಲಸವೇ ಹೋದ ಹಾಗೆ. ಆವತ್ತು ನಿಜಕ್ಕೂ ಹೆದರಿದೆ. ಪೂರ್ತಿ ಸರಿಹೋಗಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಮತ್ತು ಆಮೇಲಿನ ಪ್ರಯಾಣಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆರಳು ಸೋತದ್ದಕ್ಕೆ ಕಾರಣ ಅಂಗೈಯ ಬುಡದಲ್ಲಿತ್ತು. ಕಿರುಬೆರಳಿನ ಕಡೆ, ಮಣಿಕಟ್ಟು ಮುಗಿದು ಅಂಗೈ ಶುರುವಾಗುವಲ್ಲಿ, ಎರಡು ಪುಟ್ಟ ಮೂಳೆಗಳ ನಡುವೆ ಒಂದು ಇಕ್ಕಟ್ಟಾದ ದಾರಿಯಿದೆ. ಅಲ್ನಾರ್ ನರ ಹಾದುಹೋಗುವುದು ಅಲ್ಲಿಂದಲೇ. ಫ್ರಾನ್ಸಿನ ಶಸ್ತ್ರವೈದ್ಯ ಫೆಲಿಕ್ಸ್ ಗಿಯೋನ್ 1861ರಲ್ಲಿ ಅದನ್ನು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು ಉಳಿದಿದೆ. ನೇರ ಹ್ಯಾಂಡಲ್ ಹಿಡಿದು ದಿನಕ್ಕೆ ಏಳೆಂಟು ಗಂಟೆ ಮುಂದಕ್ಕೆ ಬಾಗಿದರೆ ಮೈಯ ಭಾರ, ರಸ್ತೆಯ ಅದುರು ಎರಡೂ ಸರಿಯಾಗಿ ಆ ಜಾಗದ ಮೇಲೆಯೇ ಬೀಳುತ್ತವೆ. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡುವುದು ಈ ನರ. ಹೆಬ್ಬೆರಳನ್ನು ತೋರುಬೆರಳಿನ ಮಗ್ಗುಲಿಗೆ ಒತ್ತುವ ಸ್ನಾಯುವನ್ನು ನಡೆಸುವುದೂ ಇದೇ. ಸೂಜಿ ಜಾರಿದ್ದು ಏಕೆಂದು ನನಗೆ ಆಗ ಅರ್ಥವಾಯಿತು. ನೀವೂ ಪರೀಕ್ಷಿಸಿಕೊಳ್ಳಬಹುದು: ಒಂದು ಕಾಗದವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಮಗ್ಗುಲಿನ ನಡುವೆ ಹಿಡಿದು ಇನ್ನೊಬ್ಬರಿಗೆ ಎಳೆಯಲು ಹೇಳಿ. ಬಿಗಿಹಿಡಿಯಲು ಹೆಬ್ಬೆರಳಿನ ತುದಿಯ ಗೆಣ್ಣು ತಾನಾಗಿ ಮಡಚಿಕೊಂಡರೆ ಆ ಸ್ನಾಯು ಸೋತಿದೆ ಎಂದರ್ಥ. ಹಾಗಾದರೆ ಸೈಕಲ್ ನಿಲ್ಲಿಸಿ, ವೈದ್ಯರನ್ನು ಕಾಣಿ.

ಯಾವ ಬೆರಳಿಗೆ ಜೋಮು ಹಿಡಿಯುತ್ತದೆ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ಕಿರುಬೆರಳು, ಉಂಗುರ ಬೆರಳು ಆದರೆ ಅಂಗೈಯ ಹೊರಬದಿಯ ಮೇಲೆ ಒತ್ತಡ ಬೀಳುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದರೆ ಹೆಚ್ಚಾಗಿ ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡಿರುತ್ತದೆ, ಅಲ್ಲಿ ನಲುಗುವುದು ಮೀಡಿಯನ್ ನರ. ಎರಡಕ್ಕೂ ಪರಿಹಾರ ಬೇರೆ.

ಹೊಸ ಹ್ಯಾಂಡಲ್ ಕೊಳ್ಳುವ ಮೊದಲು ಈಗಿರುವುದನ್ನೇ ಸರಿಮಾಡಿ ನೋಡಿ. ನನ್ನ ಸೀಟಿನ ಮೂತಿ ಒಂದು ಬೆರಳಿನಷ್ಟು ಕೆಳಗೆ ವಾಲಿತ್ತು. ಅಷ್ಟಕ್ಕೇ ಮೈ ಮುಂದಕ್ಕೆ ಜಾರುತ್ತಾ ಇರುತ್ತದೆ, ದಿನವಿಡೀ ಅದನ್ನು ಹಿಂದಕ್ಕೆ ತಳ್ಳಿ ಹಿಡಿಯುವ ಕೂಲಿ ಕೈಗೆ ಬೀಳುತ್ತದೆ. ಸೀಟನ್ನು ಮಟ್ಟಸ ಮಾಡಿದ ದಿನವೇ ಅಂಗೈ ಹಗುರಾಯಿತು. ಬ್ರೇಕ್ ಲಿವರಿನ ಕೋನವನ್ನೂ ನೋಡಿ: ಬೆರಳು ಲಿವರ್ ಮೇಲಿಟ್ಟಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರಬೇಕು. ಟೈರಿನ ಗಾಳಿ ಅಗತ್ಯಕ್ಕಿಂತ ಗಟ್ಟಿಯಿದ್ದರೆ ಸ್ವಲ್ಪ ಇಳಿಸಿ. ಇಷ್ಟರಲ್ಲೇ ನೋವು ಹೋದರೆ ಬೇರೆ ಹ್ಯಾಂಡಲ್ ಏಕೆ ಬೇಕು?

ಹೋಗದಿದ್ದರೆ ಅಳತೆ ತೆಗೆಯಿರಿ. ಕುರ್ಚಿಯ ಮೇಲೆ ಕೂತು, ಸೈಕಲ್ ಮೇಲಿದ್ದಷ್ಟೇ ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಒಂದೊಂದು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯಿರಿ. ಕಣ್ಣು ಮುಚ್ಚಿ, ಹೆಗಲು ಸಡಿಲಬಿಟ್ಟು ಕೈ ಮುಂದೆ ಚಾಚಿ. ಕಣ್ಣು ತೆರೆದಾಗ ಎರಡು ಪೆನ್ಸಿಲ್‌ಗಳು ಒಂದೇ ನೇರ ಗೆರೆಯಲ್ಲಿ ಇರುವುದು ಅಪರೂಪ. ಹೊರತುದಿ ನಿಮ್ಮ ಕಡೆಗೆ ವಾಲಿರುತ್ತದೆ. ಆ ವಾಲಿಕೆಯೇ ನಿಮ್ಮ ಮಣಿಕಟ್ಟು ಕೇಳುತ್ತಿರುವ ಕೋನ. ನನ್ನವು 30 ಡಿಗ್ರಿಯ ಆಸುಪಾಸಿನಲ್ಲಿದ್ದವು. ಆದರೆ ಸಾಮಾನ್ಯ ಮೌಂಟನ್ ಬೈಕಿನ ಫ್ಲ್ಯಾಟ್ ಬಾರ್, ಅಂದರೆ ನೇರ ಹ್ಯಾಂಡಲ್, ಹಿಂದಕ್ಕೆ ಬಾಗಿರುವುದು 5ರಿಂದ 9 ಡಿಗ್ರಿ ಮಾತ್ರ. ಉಳಿದ ಇಪ್ಪತ್ತು ಡಿಗ್ರಿಯನ್ನು ನಾನು ಒಂಬತ್ತು ದಿನ ಮಣಿಕಟ್ಟು ತಿರುಚಿಯೇ ತುಂಬಿಸಿದ್ದೆ. ಅಳತೆ ತಪ್ಪಿದ ತೋಳಿಗೆ ಕೈ ತುರುಕಿದರೆ ಕಂಕುಳಲ್ಲಿ ಬಟ್ಟೆ ಎಳೆಯುವುದಿಲ್ಲವೇ, ಇದೂ ಹಾಗೆಯೇ.

ಹೀಗಾಗಿ ನನ್ನ ಮೊದಲ ಆಯ್ಕೆ ಹಿಂದಕ್ಕೆ ಬಾಗಿದ ಬಾರ್. ಸರ್ಲಿ ಕಂಪನಿಯ ಮೊಲೊಕೊ 34 ಡಿಗ್ರಿ ಬಾಗಿದೆ, ಜೋನ್ಸ್ ಕಂಪನಿಯ ಲೂಪ್ ಎಚ್‌-ಬಾರ್ 45 ಡಿಗ್ರಿ. ಇವೆರಡರಲ್ಲೂ ಮುಂದಕ್ಕೆ ಚಾಚಿದ ಇನ್ನೊಂದು ಬಾಗು ಇರುವುದರಿಂದ ಎದುರುಗಾಳಿಗೆ ಬಗ್ಗಿ ತುಳಿಯಲು, ಏರಿನಲ್ಲಿ ಮುಂದಕ್ಕೆ ಹಿಡಿಯಲು ಜಾಗವಿದೆ. ಹಳೆಯ ಕಾಲದ ಸೈಕಲ್ಲುಗಳಲ್ಲಿ ಇರುವ ನಾರ್ತ್ ರೋಡ್ ಬಾರ್ ಮಣಿಕಟ್ಟಿಗೆ ಬಹಳ ಹಿತ, ಆದರೆ ಒಂದೇ ಒಂದು ಹಿಡಿತ. ಊರೊಳಗೆ ಓಡಾಡಲು ಸಾಕು. ದಿನಕ್ಕೆ 100 ಕಿ.ಮೀ. ತುಳಿಯುವವರಿಗೆ ಸಾಲದು. ಎಷ್ಟೇ ಹಿತವಾದ ಹಿಡಿತವೂ ಎರಡು ಗಂಟೆಗೆ ಹಳತಾಗುತ್ತದೆ. ಕೈಗೆ ಹೋಗಲು ಇನ್ನೊಂದು ಜಾಗ ಬೇಕೇ ಬೇಕು, ಆರಿಸುವಾಗ ನಾನು ಬೇರೆಲ್ಲದಕ್ಕಿಂತ ಇದನ್ನು ಮೇಲಿಡುತ್ತೇನೆ. ಇಲ್ಲಿ ಒಂದು ಎಚ್ಚರಿಕೆ. ಬರೀ ಹಿಂದಕ್ಕೆ ಬಾಗಿದ ಬಾರ್ ಹಾಕಿದರೆ ಹಿಡಿತ ಹಲವು ಸೆಂಟಿಮೀಟರ್ ನಿಮ್ಮತ್ತ ಬರುತ್ತದೆ. ಸ್ಟೆಮ್ (ಬಾರನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಉದ್ದವಾಗದಿದ್ದರೆ ಬೆನ್ನು ನೆಟ್ಟಗಾಗಿ ಭಾರವೆಲ್ಲ ಸೀಟಿನ ಮೇಲೆ ಬೀಳುತ್ತದೆ, ತಿರುವಿನಲ್ಲಿ ಮೊಣಕಾಲಿಗೂ ತಾಗುತ್ತದೆ.

ತುದಿ ಕೆಳಕ್ಕೆ ಕೊಕ್ಕೆಯಂತೆ ಬಾಗಿದ ಡ್ರಾಪ್ ಬಾರ್ ಎಂದರೆ ರೇಸಿನವರದು ಎಂದು ದೂರವಿಡಬೇಡಿ. ಮೇಲಿನ ನೇರ ಭಾಗ, ತಿರುವು, ಬ್ರೇಕ್ ಲಿವರಿನ ಮೇಲಿನ ರಬ್ಬರ್ ಹೊದಿಕೆಯಾದ ಹುಡ್, ಕೆಳಗಿನ ಕೊಕ್ಕೆ ಎಂದು ಎಣಿಸಿದರೆ ನಾಲ್ಕು ಹಿಡಿತ ಸಿಗುತ್ತವೆ. ಹುಡ್ ಹಿಡಿದಾಗ ಅಂಗೈಗಳು ಒಂದಕ್ಕೊಂದು ಎದುರಾಗಿರುತ್ತವೆ, ಯಾರ ಕೈಯನ್ನಾದರೂ ಕುಲುಕಲು ಚಾಚಿದ ಹಾಗೆ. ಮಣಿಕಟ್ಟಿಗೆ ಅದಕ್ಕಿಂತ ಸಹಜ ಭಂಗಿ ನಾನು ಕಂಡಿಲ್ಲ. ಷರತ್ತು ಒಂದೇ, ಬಾರ್ ಎತ್ತರದಲ್ಲಿರಬೇಕು. ಪ್ರಯಾಣದ ಸೈಕಲ್ಲಿಗೆ ಸೀಟಿನ ಮಟ್ಟಕ್ಕೆ ಇಡಿ, ಬೇಕಾದರೆ ಇನ್ನೂ ಚೂರು ಮೇಲಕ್ಕೆ. ಕೆಳಗಿನ ಕೊಕ್ಕೆಯನ್ನು ಹತ್ತು ನಿಮಿಷವೂ ಹಿಡಿಯಲಾರದಷ್ಟು ತಗ್ಗಿಸಿಟ್ಟರೆ ಆ ಹಿಡಿತವನ್ನು ಕೈಯಾರೆ ಕಳೆದುಕೊಂಡಂತೆ. ಕೊಕ್ಕೆ ಹೊರಕ್ಕೆ 12ರಿಂದ 20 ಡಿಗ್ರಿ ಚಾಚಿದ ಬಾರ್‌ಗಳು ಸಿಗುತ್ತವೆ. ಮುಂದೆ ಬ್ಯಾಗ್ ಕಟ್ಟಿದಾಗಲೂ ಕೈಗೆ ಜಾಗ ಉಳಿಯುತ್ತದೆ, ಮಣ್ಣು ರಸ್ತೆಯಲ್ಲಿ ಹಿಡಿತವೂ ಭದ್ರ. ಅಗಲಕ್ಕೆ ದರ್ಜಿಯ ಶೋಲ್ಡರ್ ಅಳತೆಯಿಂದ ಶುರುಮಾಡಿ. ಬೆನ್ನಿನ ಕಡೆಯಿಂದ, ಹೆಗಲ ಮೇಲೆ ಬೆರಳಿಗೆ ಸಿಗುವ ಮೂಳೆಯ ತುದಿಯಿಂದ ತುದಿಗೆ ಟೇಪು ಹಿಡಿಯಿರಿ. 42 ಸೆಂಟಿಮೀಟರ್ ಬಂದರೆ 42ರ ಬಾರ್, ಪ್ರಯಾಣಕ್ಕಾದರೆ 44. ಕೆಲವರು ಕೊಳವೆಯ ನಡುವಿನಿಂದ ನಡುವಿಗೆ, ಕೆಲವರು ಹೊರಅಂಚಿನಿಂದ ಹೊರಅಂಚಿಗೆ ಅಳೆಯುವುದರಿಂದ ಎರಡು ಸೆಂಟಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಕೇಳಿಯೇ ಕೊಳ್ಳಿ.

ಚಿಟ್ಟೆಯ ರೆಕ್ಕೆಯಂತೆ ಸುತ್ತಿಬಂದ ಬಟರ್‌ಫ್ಲೈ ಬಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಡಿತ ಬೇಕಾದಷ್ಟಿವೆ, ಫ್ಲ್ಯಾಟ್ ಬಾರಿನ ಬ್ರೇಕು, ಗೇರು ಹಾಗೇ ಕೂರುತ್ತವೆ. ಆದರೆ ಭಾರ, ಮತ್ತು ಬ್ರೇಕ್ ಹತ್ತಿರದ ಹಿಡಿತ ಒಂದೇ. ಇರುವ ಫ್ಲ್ಯಾಟ್ ಬಾರನ್ನೇ ಉಳಿಸಿಕೊಳ್ಳುವವರು ಎರಡು ತುದಿಗೆ ಕೊಂಬಿನಂತೆ ಮುಂದಕ್ಕೆ ಚಾಚುವ ಬಾರ್ ಎಂಡ್, ಅಂಗೈಯ ಹೊರಬದಿಗೆ ರೆಕ್ಕೆಯಂತೆ ಚಪ್ಪಟೆಯಾಗಿ ಆಸರೆ ಕೊಡುವ ಎರ್ಗಾನ್ ಮಾದರಿಯ ಗ್ರಿಪ್ ಹಾಕಿಕೊಳ್ಳಬಹುದು. ರೆಕ್ಕೆ ಯಾವ ಕೋನದಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ: ಮಣಿಕಟ್ಟನ್ನು ಮೇಲಕ್ಕೂ ಎತ್ತಬಾರದು, ಕೆಳಕ್ಕೂ ಬಿಡಬಾರದು.

ಈಗ ದುಡ್ಡು ಹಾಳಾಗುವ ಜಾಗಕ್ಕೆ ಬಂದೆವು. ಸ್ಟೆಮ್ ಹಿಡಿಯುವಲ್ಲಿ ಬಾರಿನ ದಪ್ಪ 25.4, 26.0, 31.8 ಅಥವಾ 35 ಮಿಲಿಮೀಟರ್ ಇರುತ್ತದೆ. 25.4, 26.0 ಎರಡನ್ನೂ ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ಒಂದೇ, ಆದರೆ 26.0ರ ಸ್ಟೆಮ್‌ನಲ್ಲಿ 25.4ರ ಬಾರ್ ಹಾಕಿದರೆ ಗುಂಡಿ ರಸ್ತೆಯಲ್ಲಿ ತಿರುಗಿಬಿಡುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದಲೇ ಅಳೆಯಿರಿ. ಕೈ ಹಿಡಿಯುವ ಭಾಗ ಫ್ಲ್ಯಾಟ್ ಬಾರಿನಲ್ಲಿ 22.2, ಡ್ರಾಪ್ ಬಾರಿನಲ್ಲಿ 23.8 ಮಿಲಿಮೀಟರ್. ಹಾಗಾಗಿ ಒಂದರ ಬ್ರೇಕ್ ಲಿವರ್, ಗೇರ್ ಬದಲಿಸುವ ಶಿಫ್ಟರ್ ಇನ್ನೊಂದಕ್ಕೆ ಕೂರುವುದಿಲ್ಲ. ಸಾಮಾನ್ಯ ಡ್ರಾಪ್ ಬಾರ್ ಲಿವರ್ ಎಳೆಯುವ ಕೇಬಲ್ ಕಡಿಮೆ; ಎರಡು ತೋಳಿನಿಂದ ಚಕ್ರದ ರಿಮ್ ಅಮುಕುವ ವಿ-ಬ್ರೇಕಿಗೆ ಅದನ್ನು ಜೋಡಿಸಿದರೆ ಲಿವರ್ ಬಾರಿಗೆ ತಾಗಿದರೂ ಬ್ರೇಕ್ ಸರಿಯಾಗಿ ಹಿಡಿಯದೇ ಇರಬಹುದು. ಸಾಮಾನು ಹೇರಿದ ಸೈಕಲ್ ಇಳಿಜಾರಿನಲ್ಲಿರುವಾಗ ಇದು ಪ್ರಾಣಕ್ಕೇ ಅಪಾಯ. ವಿ-ಬ್ರೇಕಿಗೆಂದೇ ಮಾಡಿದ ಡ್ರಾಪ್ ಲಿವರ್‌ಗಳಿವೆ, ಅವನ್ನೇ ಕೇಳಿ. ಫ್ಲ್ಯಾಟ್ ಬಾರಿಗೆಂದು ಮಾಡಿದ ಫ್ರೇಮಿಗೆ ಡ್ರಾಪ್ ಬಾರ್ ಹಾಕುವುದಾದರೆ ಹುಡ್ ಏಳೆಂಟು ಸೆಂಟಿಮೀಟರಿಗಿಂತಲೂ ಮುಂದಕ್ಕೆ ಹೋಗುತ್ತದೆ. ಆಗ ಗಿಡ್ಡ ಸ್ಟೆಮ್ ಬೇಕು. ಕೆಲವು ಫ್ರೇಮಿಗೆ ಯಾವ ಸ್ಟೆಮ್ ಹಾಕಿದರೂ ಸರಿಹೋಗದು. ಅಂಥದ್ದನ್ನು ಬಿಟ್ಟುಬಿಡಿ.

ಬಾರ್ ಬಂದ ಮೇಲೆ ಹಿಡಿತದ ಟೇಪು ಸುತ್ತುವ ಆತುರ ಬೇಡ. ಅಂಗಿಗೆ ಮೊದಲು ಕಚ್ಚಾ ಹೊಲಿಗೆ ಹಾಕಿ ಮೈಗೆ ತೊಡಿಸಿ ನೋಡುತ್ತೇವಲ್ಲ, ಹಾಗೆ ಕೇಬಲ್‌ಗಳನ್ನು ಎಲೆಕ್ಟ್ರಿಕ್ ಟೇಪಿನಿಂದ ಬಾರಿಗೆ ಅಂಟಿಸಿ. ಹೊತ್ತೊಯ್ಯುವ ಸಾಮಾನೆಲ್ಲ ಕಟ್ಟಿ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ, ಕೇಬಲ್ ಎಲ್ಲೂ ಬಿಗಿಯಬಾರದು. ಬಾರ್ ಎಷ್ಟು ವಾಲಿದೆ, ಲಿವರ್ ಎಲ್ಲಿದೆ ಎಂದು ಚಾಕ್‌ನಿಂದ ಗುರುತು ಹಾಕಿ. ಮೂರು ಗಂಟೆ ತುಳಿದು ಬಂದು ಒಂದೇ ಒಂದನ್ನು ಬದಲಿಸಿ, ಅದೂ ಐದು ಮಿಲಿಮೀಟರಿನಷ್ಟು. ಎರಡು ಬದಲಿಸಿದರೆ ಗುಣ ಯಾವುದರಿಂದ ಸಿಕ್ಕಿತೆಂದು ತಿಳಿಯದು. ನನಗೆ ಆರು ಸುತ್ತು ಬೇಕಾದವು.

ಸ್ಟೆಮ್ ಮುಂದಿನ ನಾಲ್ಕು ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಎಷ್ಟು ಬಿಗಿಯಬೇಕೆಂಬುದು ಸ್ಟೆಮ್ ಮೇಲೆ ಅಚ್ಚಾಗಿರುತ್ತದೆ, ಹೆಚ್ಚಾಗಿ 4ರಿಂದ 6 ನ್ಯೂಟನ್ ಮೀಟರ್. ಜೋರಾಗಿ ಬಿದ್ದು ಬಾಗಿದ ಅಲ್ಯೂಮಿನಿಯಂ ಬಾರನ್ನು ತಟ್ಟಿ ನೇರ ಮಾಡಿಕೊಳ್ಳಬೇಡಿ, ಅದು ಸೂಚನೆ ಕೊಡದೆ ಮುರಿಯುತ್ತದೆ.

ಎಲ್ಲವೂ ಒಪ್ಪಿದ ಮೇಲೆ ಟೇಪು ಸುತ್ತಿ. ಕಾರ್ಕ್ ಟೇಪನ್ನು ನಾನು ಎರಡು ಪದರ ಸುತ್ತುತ್ತೇನೆ, ಅಂಗೈ ಒರಗುವ ಕಡೆ ಅಡಿಯಲ್ಲಿ ಒಂದು ತುಂಡು ಹೆಚ್ಚು. ತುದಿಯಿಂದ ಶುರುಮಾಡಿ ಸ್ಟೆಮ್ ಕಡೆಗೆ ಬನ್ನಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಮೂರನೇ ಒಂದು ಭಾಗ ಮುಚ್ಚಲಿ. ಆಗ ಕೈ ಒತ್ತಿದಾಗ ಅಂಚು ಏಳುವುದಿಲ್ಲ. ಮೊದಲ ಪ್ರಯಾಣದ ಮೂರು ದಿನ ಅಲೆನ್ ಕೀಯನ್ನು ಬ್ಯಾಗಿನ ತಳಕ್ಕೆ ಹಾಕದೆ ಜೇಬಿನಲ್ಲೇ ಇಟ್ಟುಕೊಳ್ಳಿ. ನಾನು ಎರಡನೇ ದಿನ ಮಧ್ಯಾಹ್ನ ಒಂದು ಮರದ ನೆರಳಲ್ಲಿ ನಿಂತು ಬಾರನ್ನು ಕೂದಲೆಳೆಯಷ್ಟು ಮೇಲಕ್ಕೆ ತಿರುಗಿಸಿದೆ. ಆ ಪ್ರಯಾಣ ಹನ್ನೊಂದು ದಿನದ್ದು. ಮನೆಗೆ ಬಂದ ರಾತ್ರಿಯೇ ಒಂದು ಅಂಗಿಗೆ ಏಳು ಕಾಜಾ ಹೊಲಿದೆ, ಕೈಯಲ್ಲೇ.