ರಿಕವರಿ ಪಾರ್ಟಿಷನ್ ಇದ್ದರೂ ನಾನು ಬ್ಯಾಕಪ್ ಹೊರಗೇ ಇಟ್ಟೆ

ಬ್ಯಾಕಪ್ ಎಲ್ಲಿಡಬೇಕು ಅಂತ ತೀರ್ಮಾನಿಸುವ ಮೊದಲು ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನ ಡಿಸ್ಕ್ ಯಾವ್ಯಾವ ಪಾರ್ಟಿಷನ್, ಅಂದರೆ ಭಾಗಗಳಾಗಿ ಹಂಚಿಹೋಗಿದೆ ಅಂತ ನೋಡಿದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಎಲ್ಲವೂ ಕಾಣುತ್ತದೆ. ಒಳಗಿರುವುದು ಒಂದೇ ಎಸ್‌ಎಸ್‌ಡಿ. ಮೊದಲಿಗೆ 100 ಎಂಬಿಯ ಇಎಫ್‌ಐ ಪಾರ್ಟಿಷನ್, ವಿಂಡೋಸ್ ಶುರುವಾಗಲು ಬೇಕಾದ ಫೈಲುಗಳು ಅದರಲ್ಲಿವೆ. ಆಮೇಲೆ ದೊಡ್ಡ ಸಿ ಡ್ರೈವ್. ಅದರ ಬೆನ್ನಿಗೆ ಎರಡು ರಿಕವರಿ ಪಾರ್ಟಿಷನ್. ಒಂದು, 1 ಜಿಬಿಗಿಂತಲೂ ಚಿಕ್ಕದು, ಇನ್ನೊಂದು ಹತ್ತು ಜಿಬಿ ದಾಟಿದ್ದು.

ಈ ಎರಡರ ಕೆಲಸ ಬೇರೆ ಬೇರೆ. ಚಿಕ್ಕದರಲ್ಲಿ ವಿಂಡೋಸ್‌ನದೇ ಒಂದು ಪುಟ್ಟ ರೂಪ ಇರುತ್ತದೆ. ವಿಂಡೋಸ್ ಪದೇ ಪದೇ ಬೂಟ್ ಆಗದೆ (ಶುರುವಾಗದೆ) ನಿಂತರೆ ಅದು ತಾನಾಗಿಯೇ ಮೇಲೆ ಬರುತ್ತದೆ. ಶಿಫ್ಟ್ ಕೀ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟರೂ ಬರುತ್ತದೆ. ಸ್ಟಾರ್ಟಪ್ ರಿಪೇರಿ, ಸಿಸ್ಟಂ ರಿಸ್ಟೋರ್, ಕಮಾಂಡ್ ಪ್ರಾಂಪ್ಟ್ ಎಲ್ಲ ಸಿಗುವುದು ಅಲ್ಲೇ. ದೊಡ್ಡದು ಲ್ಯಾಪ್‌ಟಾಪ್ ತಯಾರಿಸಿದವರು ಇಟ್ಟಿದ್ದು. ಯಂತ್ರವನ್ನು ಕೊಂಡ ದಿನದ ಸ್ಥಿತಿಗೆ ಮರಳಿಸುವುದು ಅದರ ಕೆಲಸ. ಎಲ್ಲ ಕಂಪ್ಯೂಟರಲ್ಲೂ ಅದು ಇರುವುದಿಲ್ಲ. ವಿಂಡೋಸ್ 10ರಿಂದ ಈಚೆಗೆ ರೀಸೆಟ್ ಮಾಡಲು ಅಂಥ ಪಾರ್ಟಿಷನ್ ಬೇಕೇ ಬೇಕು ಅಂತಿಲ್ಲ.

ಮುಖ್ಯವಾದ ಮಾತು ಇದು: ಈ ಎರಡರಲ್ಲಿ ಯಾವುದರಲ್ಲೂ ನನ್ನ ಫೋಟೋ ಇಲ್ಲ, ನಾನು ಬರೆದ ಕಡತ ಇಲ್ಲ, ನಾನು ಹಾಕಿಕೊಂಡ ಪ್ರೋಗ್ರಾಂ ಇಲ್ಲ. ಅವು ಕಾಯುವುದು ವಿಂಡೋಸನ್ನು. ರಿಕವರಿ ಅನ್ನೋ ಹೆಸರು ನೋಡಿ ಎಷ್ಟೋ ಜನ ನೆಮ್ಮದಿಯಿಂದ ಇದ್ದುಬಿಡುತ್ತಾರೆ. ನನಗೆ ಇದು ನಿಜಕ್ಕೂ ಕಳವಳ ತರುವ ಸಂಗತಿ.

ಹಾಗಂತ ಅದನ್ನು ಅಳಿಸಿ ಜಾಗ ಉಳಿಸಬೇಡಿ, ಅದರೊಳಗೆ ಏನನ್ನೂ ತುಂಬಲೂ ಬೇಡಿ. 2024ರ ಜನವರಿಯಲ್ಲಿ ಬಂದ ಒಂದು ವಿಂಡೋಸ್ 10 ಅಪ್‌ಡೇಟ್ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಇನ್‌ಸ್ಟಾಲ್ ಆಗದೆ ಎರರ್ ತೋರಿಸಿತು. ಕಾರಣ, ರಿಕವರಿ ಪಾರ್ಟಿಷನ್‌ನಲ್ಲಿ ಅದಕ್ಕೆ 250 ಎಂಬಿ ಖಾಲಿ ಜಾಗ ಬೇಕಿತ್ತು. ಅಷ್ಟು ಜಾಗ ಅಲ್ಲಿರಲಿಲ್ಲ. ಆದ್ದರಿಂದ ನಾನು ಈ ಪಾರ್ಟಿಷನ್‌ಗಳನ್ನು ಮುಟ್ಟದೆ ಬಿಟ್ಟೆ.

ಇನ್ನು ಬ್ಯಾಕಪ್. ಸಿ ಡ್ರೈವನ್ನು ಒಡೆದು ಡಿ ಡ್ರೈವ್ ಮಾಡಿ ಅಲ್ಲಿಡೋದು ಸುಲಭ, ಅಲ್ವಾ? ನಾನು ಆ ದಾರಿ ಹಿಡಿಯಲಿಲ್ಲ. ಬೀರುವನ್ನೇ ಕದ್ದೊಯ್ದರೆ ಒಡವೆ ಯಾವ ಖಾನೆಯಲ್ಲಿತ್ತು ಅನ್ನೋದರಿಂದ ಏನು ಪ್ರಯೋಜನ? ಎಸ್‌ಎಸ್‌ಡಿ ಕೆಟ್ಟರೆ ಸಿ, ಡಿ, ರಿಕವರಿ ಎಲ್ಲ ಒಟ್ಟಿಗೇ ಹೋಗುತ್ತವೆ. ಡಿ ಡ್ರೈವ್ ಉಪಯೋಗಕ್ಕೆ ಬರುವುದು ವಿಂಡೋಸ್ ಮಾತ್ರ ಹಾಳಾದಾಗ.

ಹೀಗಾಗಿ ಹೊರಗಿನ ಹಾರ್ಡ್ ಡಿಸ್ಕ್ ಆರಿಸಿದೆ. ನನ್ನ ಡೇಟಾಕ್ಕಿಂತ ತುಂಬ ದೊಡ್ಡದನ್ನೇ ತೆಗೆದುಕೊಂಡೆ. ನಾನು ಬ್ಯಾಕಪ್‌ಗೆ ಬಳಸುವ, ವಿಂಡೋಸ್‌ನಲ್ಲೇ ಇರುವ ಫೈಲ್ ಹಿಸ್ಟರಿ ಹಳೆಯ ಆವೃತ್ತಿಗಳನ್ನೂ ಉಳಿಸುತ್ತದೆ, ಅದಕ್ಕೆ ಜಾಗ ಜಾಸ್ತಿ ಬೇಕು. ಎನ್‌ಟಿಎಫ್‌ಎಸ್‌ಗೆ (ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಪದ್ಧತಿ) ಫಾರ್ಮ್ಯಾಟ್ ಮಾಡಿದೆ, ಯಾಕೆಂದರೆ ಫ್ಯಾಟ್32 ಅನ್ನೋ ಇನ್ನೊಂದು ಪದ್ಧತಿಯಲ್ಲಿ 4 ಜಿಬಿ ಮುಟ್ಟಿದ ಫೈಲ್ ಹಿಡಿಸುವುದೇ ಇಲ್ಲ. ಕಾಪಿ ಮುಗಿದ ಮೇಲೆ ಡಿಸ್ಕ್ ಕಳಚಿ ಎತ್ತಿಡುತ್ತೇನೆ. ಸದಾ ಸಿಕ್ಕಿಸಿಟ್ಟರೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಬ್ಯಾಕಪ್ ಕೂಡ ಲಾಕ್ ಆಗುತ್ತದೆ.

ತೀರಾ ಮುಖ್ಯವಾದ ಕಡತಗಳ ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿದೆ. ಕಳ್ಳತನ, ಬೆಂಕಿ ಇಂಥವಕ್ಕೆ ಅದೇ ಆಸರೆ. ಆದರೆ ಸಿಂಕ್ (ಎರಡೂ ಕಡೆ ಫೈಲುಗಳನ್ನು ಒಂದೇ ತರಹ ಇಡುವುದು) ಒಂದನ್ನೇ ನಾನು ಬ್ಯಾಕಪ್ ಅಂತ ಒಪ್ಪುವುದಿಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಅಲ್ಲಿನ ಕಸದ ಬುಟ್ಟಿಯಲ್ಲಿ ಅದು ಉಳಿಯುವುದು ಸ್ವಲ್ಪ ಕಾಲ ಮಾತ್ರ.

ಎಸ್‌ಎಸ್‌ಡಿ ಸತ್ತರೆ ರಿಕವರಿ ಪಾರ್ಟಿಷನ್ ಕೂಡ ಇರುವುದಿಲ್ಲ ಅಂದೆನಲ್ಲ. ಅದಕ್ಕಾಗಿ ಪೆನ್‌ಡ್ರೈವ್‌ನಲ್ಲಿ ರಿಕವರಿ ಡ್ರೈವ್ ಮಾಡಿಟ್ಟೆ. ಸ್ಟಾರ್ಟ್‌ನಲ್ಲಿ ಆ ಹೆಸರಿನಿಂದಲೇ ಹುಡುಕಿದರೆ ಸಿಗುತ್ತದೆ. ಸಿಸ್ಟಂ ಫೈಲುಗಳನ್ನೂ ಸೇರಿಸಿಕೋ ಅನ್ನೋ ಟಿಕ್ ಬಿಡಬೇಡಿ, ಅದಿದ್ದರೆ ಮಾತ್ರ ಹೊಸ ಡಿಸ್ಕ್ ಮೇಲೆ ವಿಂಡೋಸ್ ಮತ್ತೆ ಹಾಕಬಹುದು. ಕನಿಷ್ಠ 16 ಜಿಬಿಯ ಪೆನ್‌ಡ್ರೈವ್ ಇರಲಿ. ಅದರಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ, ಹಾಗಾಗಿ ಮೊದಲೇ ಖಾಲಿ ಮಾಡಿಕೊಳ್ಳಿ.

ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಇನ್ನೊಂದು ಕೆಲಸ ಇದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸಿ ಡ್ರೈವ್ ತೆರೆಯಲು ಹೋದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ನನ್ನದು ಮೈಕ್ರೋಸಾಫ್ಟ್ ಖಾತೆಯಲ್ಲೂ ಇದೆ, ಪ್ರಿಂಟ್ ಹಾಕಿದ ಕಾಗದದಲ್ಲೂ ಇದೆ. ಅದೇ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟರೆ ಬೇಕಾದಾಗ ಕೈಗೆ ಸಿಗುವುದೇ ಇಲ್ಲ.

ಎಲ್ಲ ಆದಮೇಲೆ ಹಾರ್ಡ್ ಡಿಸ್ಕನ್ನು ಬೇರೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ ನೋಡಿದೆ. ಫೈಲ್ ಹಿಸ್ಟರಿಯ ಫೋಲ್ಡರ್ ಮಾಮೂಲಿ ಫೋಲ್ಡರ್‌ನಂತೆಯೇ ತೆರೆಯಿತು. ಪ್ರತಿ ಫೈಲ್ ಹೆಸರಿನ ಜೊತೆ ದಿನಾಂಕ, ಸಮಯ ಅಂಟಿಕೊಂಡಿರುತ್ತದೆ. ಸಮಯ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇರುವುದರಿಂದ ನಮ್ಮ ಗಡಿಯಾರಕ್ಕೆ ಹೊಂದುವುದಿಲ್ಲ, ಗಾಬರಿಯಾಗಬೇಡಿ. ಕೆಲವು ಫೋಟೋ, ಒಂದೆರಡು ದೊಡ್ಡ ವಿಡಿಯೋ, ಹಳೆಯ ಲೆಕ್ಕದ ಶೀಟ್ ತೆರೆದು ನೋಡಿದೆ, ಎಲ್ಲವೂ ಸರಿಯಾಗಿಯೇ ಇದ್ದವು.