ಚೆಂಡಿಗೆ ರಂಗೋಲಿ ಪುಡಿ ಹಚ್ಚಿ ಪ್ಯಾಡಲ್ ಆರಿಸಿಕೊಂಡೆ

ನಾನು ಇಪ್ಪತ್ತು ವರ್ಷ ಬ್ಯಾಡ್ಮಿಂಟನ್ ಆಡಿದವನು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಮನೆ ಹತ್ತಿರದ ಸಿಮೆಂಟ್ ಕೋರ್ಟಿನಲ್ಲೇ ಪಿಕಲ್‌ಬಾಲ್ ಶುರು ಮಾಡಿದೆವು. ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ಪ್ಯಾಡಲ್ ಅನ್ನೋ ಹಲಗೆಯಂಥ ಬ್ಯಾಟಿನಿಂದ ನೆಟ್ ಆಚೆ ಹೊಡೆಯೋ ಆಟ ಇದು. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನ ಹಾಗೇ ಇದರ ಕೋರ್ಟೂ 44 ಅಡಿ ಉದ್ದ, 20 ಅಡಿ ಅಗಲ. ಹೊರಗಿನ ಗೆರೆ ಹೊಸದಾಗಿ ಹಾಕೋದೇ ಬೇಕಾಗಲಿಲ್ಲ. ನೆಟ್ ಇಳಿಸಿದೆವು. ಬ್ಯಾಡ್ಮಿಂಟನ್‌ನ ಮುಂದಿನ ಗೆರೆಗಿಂತ ಅರ್ಧ ಅಡಿ ಹಿಂದೆ, ಅಂದರೆ ನೆಟ್‌ನಿಂದ 7 ಅಡಿಗೆ, ಕಿಚನ್ ಗೆರೆ ಎಳೆದೆವು (ನೆಟ್ ಮತ್ತು ಈ ಗೆರೆಯ ನಡುವಿನ ಜಾಗವೇ ಕಿಚನ್, ಅಲ್ಲಿ ನಿಂತು ಚೆಂಡನ್ನು ಪುಟಿಯುವ ಮೊದಲೇ ಹೊಡೆಯುವಂತಿಲ್ಲ). ಅಷ್ಟೇ.

ತಪ್ಪಿದ್ದು ಪ್ಯಾಡಲ್ ವಿಷಯದಲ್ಲಿ. ಸ್ಮ್ಯಾಶ್ ಅಂದರೆ ನನಗೆ ಪ್ರಾಣ. ಹಾಗಾಗಿ ಜೋರಾಗಿ ಹೊಡೆಯೋಕೆ ಅಂತಲೇ ಉದ್ದನೆಯದು ತಂದೆ. ಉದ್ದ 16.5 ಇಂಚು, ಅಗಲ 7.5, ಕಾರ್ಬನ್ ಫೈಬರ್ ಮೈ, ಒಳಗಿನ ಕೋರ್ 14 ಮಿ.ಮೀ. ದಪ್ಪ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟರೆ 238 ಗ್ರಾಂ. ಬ್ಯಾಡ್ಮಿಂಟನ್ ರಾಕೆಟ್ ಇರೋದು 85 ಗ್ರಾಂ ಆಸುಪಾಸು. ಕೈ ಮಾತ್ರ ಹಳೇ ಅಭ್ಯಾಸ ಬಿಡಲಿಲ್ಲ, ಮಣಿಕಟ್ಟು ಝಾಡಿಸಿಯೇ ಹೊಡೆಯುತ್ತಿದ್ದೆ. ಮೂರು ವಾರಕ್ಕೆ ಮೊಣಕೈ ಹಿಡಿದುಕೊಂಡಿತು. ಚಹಾದ ಕಪ್ ಎತ್ತಿದರೂ ಚುಳುಕ್ ಅನ್ನುತ್ತಿತ್ತು.

ಆಮೇಲೆ ಗೊತ್ತಾಯಿತು, ತೂಕ ಎಷ್ಟು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಹಿಡಿದು ಬೀಸಿ ನೋಡಿ, ಆಮೇಲೆ ತಲೆಯ ಕಡೆ ಹಿಡಿದು ಬೀಸಿ. ಅದೇ ಸುತ್ತಿಗೆ, ಅದೇ ತೂಕ, ಆದರೆ ಕೈಗೆ ಎರಡೂ ಬೇರೆ ಬೇರೆ. ಇದಕ್ಕೇ ಸ್ವಿಂಗ್ ವೇಟ್ ಅಂತಾರೆ. ಉದ್ದನೆಯ ಪ್ಯಾಡಲ್‌ನಲ್ಲಿ ಭಾರ ಕೈಯಿಂದ ದೂರ ಇರುತ್ತದೆ. ಹೊಡೆತಕ್ಕೆ ಜೋರು ಬರುತ್ತದೆ ನಿಜ, ಆದರೆ ನೆಟ್ ಹತ್ತಿರ ಚೆಂಡು ಪಟಪಟ ಬರುವಾಗ ತಿರುಗಿಸೋದು ತಡವಾಗುತ್ತದೆ.

ಒಂದು ಭಾನುವಾರ ಚೆಂಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ರಂಗೋಲಿ ಪುಡಿ ಹಚ್ಚಿದೆ. ಗೆಳೆಯನೊಬ್ಬ ಕಿಚನ್ ಗೆರೆಯಿಂದ ನನ್ನ ಮೈಮೇಲೆ ಹೊಡೆಯುತ್ತಾ ಹೋದ. ಐದಾರು ಹೊಡೆತಕ್ಕೊಮ್ಮೆ ಮತ್ತೆ ಪುಡಿ. ಮೂವತ್ತು ಹೊಡೆತ ಆದ ಮೇಲೆ ಪ್ಯಾಡಲ್‌ನ ಕಪ್ಪು ಮೈ ನೋಡಿದೆ. ನಡುವೆ ನಾಲ್ಕೈದು ಬಿಳಿ ಗುರುತು. ಉಳಿದದ್ದೆಲ್ಲ ಎಡಬಲದ ಅಂಚಿಗೆ ಅಂಟಿಕೊಂಡಿತ್ತು, ತುದಿಯಲ್ಲಿ ಒಂದೂ ಇಲ್ಲ! ಯಾವ ಉದ್ದಕ್ಕಾಗಿ ದುಡ್ಡು ಕೊಟ್ಟಿದ್ದೆನೋ ಅಲ್ಲಿ ಚೆಂಡು ತಾಗುತ್ತಲೇ ಇರಲಿಲ್ಲ. ನನಗೆ ಬೇಕಿದ್ದದ್ದು ಅಗಲ.

ನಿಯಮದ ಪ್ರಕಾರ ಉದ್ದ ಅಗಲ ಕೂಡಿಸಿದರೆ 24 ಇಂಚು ಮೀರಬಾರದು, ಉದ್ದ 17 ದಾಟಬಾರದು. ಹಾಗಾಗಿ ಒಂದು ಪಡೆಯೋಕೆ ಇನ್ನೊಂದು ಬಿಡಲೇಬೇಕು. ನಾನು 16 ಉದ್ದ, 8 ಅಗಲದ್ದಕ್ಕೆ ಬಂದೆ.

ದಪ್ಪದ ವಿಷಯ ಇನ್ನೂ ಚೆನ್ನಾಗಿದೆ. ಪ್ಯಾಡಲ್ ಒಳಗೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಜೇನುಗೂಡು ಇರುತ್ತದೆ. (ಆಟ ಹುಟ್ಟಿದ 1965ರಲ್ಲಿ ಪ್ಲೈವುಡ್ ಪ್ಯಾಡಲ್. 1984ರಲ್ಲಿ ಬೋಯಿಂಗ್ ಎಂಜಿನಿಯರ್ ಆರ್ಲೆನ್ ಪರಾಂಟೊ ವಿಮಾನದ ನೆಲಕ್ಕೆ ಹಾಕುವ ಜೇನುಗೂಡು ಹಲಗೆಯಿಂದ ಪ್ಯಾಡಲ್ ಮಾಡಿದರು. ಎಂಥಾ ತಲೆ ನೋಡಿ!) ಕೋರ್ ತೆಳುವಾದಷ್ಟೂ ಚೆಂಡು ಟಣ್ ಅಂತ ಚಿಮ್ಮುತ್ತದೆ. 16 ಮಿ.ಮೀ. ಆದರೆ ಪೆಟ್ಟು ಮೆತ್ತಗಾಗುತ್ತದೆ, ಚೆಂಡು ಹೇಳಿದ ಮಾತು ಕೇಳುತ್ತದೆ. ನನ್ನ ತೋಳಿನಲ್ಲೇ ಬೇಕಾದಷ್ಟು ಜೋರಿತ್ತು. ಡಿಂಕ್ ಮಾಡುವಾಗ, ಅಂದರೆ ನೆಟ್ ಹತ್ತಿರದಿಂದ ಆಚೆಯ ಕಿಚನ್ ಒಳಗೆ ಮೆಲ್ಲಗೆ ಹಾಕುವಾಗ, ಚೆಂಡು ಎತ್ತರಕ್ಕೆ ಏಳೋದು ನಿಲ್ಲಬೇಕಿತ್ತು. ಆದ್ದರಿಂದ 16 ತಗೊಂಡೆ, ತೂಕ 222 ಗ್ರಾಂ. ಮೈ ಮಾತ್ರ ಮತ್ತೆ ಕಾರ್ಬನ್‌ನದೇ. ಅದರ ತರಿತರಿಗೆ ಸ್ಪಿನ್ ಚಲೋ ಸಿಗುತ್ತದೆ.

ಗ್ರಿಪ್ ತೆಳುವಿತ್ತು. ತೆಳು ಗ್ರಿಪ್ ಹಿಡಿದರೆ ಬೆರಳು ಬಿಗಿಯಾಗುತ್ತವೆ, ಆ ಬಿಗಿ ನೇರ ಮೊಣಕೈಗೆ. ಮೇಲೊಂದು ಓವರ್‌ಗ್ರಿಪ್ ಸುತ್ತಿದೆ. ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆ ಇರುವ ಜಾಗದಲ್ಲಿ, ಎರಡೂ ಅಂಚಿಗೆ, ಮೂರು ಮೂರು ಗ್ರಾಂ ಟಂಗ್‌ಸ್ಟನ್ ಟೇಪ್ ಅಂಟಿಸಿದೆ. ಆರೇ ಗ್ರಾಂ! ಆದರೂ ಅಂಚಿಗೆ ಚೆಂಡು ಬಿದ್ದಾಗ ಪ್ಯಾಡಲ್ ಕೈಯಲ್ಲಿ ತಿರುಚಿಕೊಳ್ಳೋದು ಕಡಿಮೆಯಾಯಿತು. ಮೊಣಕೈಗೆ ಒಂದು ತಿಂಗಳು ಪೂರ್ತಿ ರಜೆ ಕೊಟ್ಟು ಆಮೇಲೆ ಇದರಲ್ಲಿ ಆಡಿದೆ. ನೋವು ಮರಳಿ ಬಂದಿಲ್ಲ.

ಹಳೆಯದು ಸುಮ್ನೆ ಕಪಾಟಿನಲ್ಲಿ ಬಿದ್ದಿತ್ತು. ಧಾರವಾಡದಿಂದ ಬಂದ ತಂಗಿ ಅದನ್ನೇ ಎತ್ತಿಕೊಂಡಳು. ಅವಳು ಕಾಲೇಜಿನಲ್ಲಿ ಟೆನಿಸ್ ಆಡಿದವಳು, ಬ್ಯಾಕ್‌ಹ್ಯಾಂಡ್ ಎರಡೂ ಕೈಯಲ್ಲಿ. ನನಗೆ ಜಾಸ್ತಿ ಅನಿಸಿದ ಆ ಉದ್ದನೆಯ ಹಿಡಿಯಲ್ಲಿ ಅವಳ ಎರಡೂ ಕೈ ಸರಿಯಾಗಿ ಕೂತವು. ಹಿಂದಿನ ಗೆರೆಯಿಂದ ಅವಳು ಹೊಡೆದ ಮೊದಲ ಚೆಂಡು ನೆಟ್‌ಗೆ ತಾಗೀತೋ ಏನೋ ಅನ್ನುವಷ್ಟು ಕೆಳಗೆ ದಾಟಿ ನನ್ನ ಕಾಲ ಬುಡಕ್ಕೆ ಬಂತು. ಅದು ಈಗ ಅವಳ ಪ್ಯಾಡಲ್.